ಯಶೋಗಾಥೆ ಬೇಕಂತೆ, ಅದೂ ತಿಂಗಳಿಗೆ ಎರಡು

ಇವತ್ತು ಇಲಾಖೆಯಿಂದ ಮತ್ತೆ ಮೇಲ್ ಬಂದಿದೆ. ಈ ತಿಂಗಳ ಯಶೋಗಾಥೆ, ಅಂದ್ರೆ ನಮ್ಮ ಕೆಲಸದಿಂದ ಯಾರ ಬದುಕು ಹೇಗೆ ಸುಧಾರಿಸಿತು ಅನ್ನೋ ಕಥೆ, ಇನ್ನೂ ಸಲ್ಲಿಕೆಯಾಗಿಲ್ಲ, ಕರಾರಿನ ಪ್ರಕಾರ ಅದು ಕಡ್ಡಾಯ, ತಪ್ಪಿದಲ್ಲಿ ಮುಂದಿನ ಕಂತಿನ ಬಿಡುಗಡೆ ಬಗ್ಗೆ ಪರಿಶೀಲಿಸಲಾಗುವುದು ಅಂತ. ಪರಿಶೀಲಿಸಲಾಗುವುದು ಅಂದ್ರೆ ಏನು ಅಂತ ಈ ಕೆಲಸದಲ್ಲಿರೋ ಎಲ್ಲರಿಗೂ ಗೊತ್ತು. ದುಡ್ಡು ಬರಲ್ಲ, ಅಷ್ಟೇ.

ನಾನು ದಾವಣಗೆರೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಜಗಳೂರು ಕಡೆಯ ಹಳ್ಳಿಗಳಲ್ಲಿ ವಿಕಲಚೇತನ ಮಕ್ಕಳು, ಹಾಸಿಗೆ ಹಿಡಿದ ವಯಸ್ಸಾದವರು, ಇವರ ಮನೆಗೇ ಹೋಗಿ ಥೆರಪಿ ಮಾಡೋದು, ಮನೆಯವರಿಗೆ ಆರೈಕೆ ಹೇಳಿಕೊಡೋದು, ಪಿಂಚಣಿ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಅಂತ ಓಡಾಡೋದು. ದುಡ್ಡು ಸರ್ಕಾರದ್ದು. ಯಾವ ಇಲಾಖೆ, ಯಾವ ಯೋಜನೆ ಅಂತ ಹೇಳಲ್ಲ, ಸಂಬಳ ಅಲ್ಲಿಂದಲೇ ಬರಬೇಕು ನೋಡಿ.

ಲೆಕ್ಕ ಕೇಳೋದಕ್ಕೆ ನನ್ನ ತಕರಾರಿಲ್ಲ. ಜನರ ತೆರಿಗೆ ಹಣ, ಕೇಳಲೇಬೇಕು. ಬಳಕೆ ಪ್ರಮಾಣಪತ್ರ ಕೊಡುತ್ತೇವೆ, ಸರ್ಕಾರದ ಹಣಕಾಸು ನಿಯಮದ ಜಿಎಫ್‌ಆರ್ 12-ಎ ನಮೂನೆಯಲ್ಲಿ, ಆಡಿಟರ್ ಸಹಿ ಸಮೇತ. ಪೆಟ್ರೋಲ್ ಬಿಲ್ಲು, ಹಾಜರಿ ಪುಸ್ತಕ, ಯಾವ ಮನೆಗೆ ಯಾವತ್ತು ಹೋದೆವು, ಏನು ಮಾಡಿದೆವು, ಎಲ್ಲ ಬರೆದಿಡುತ್ತೇವೆ. ಬಂದು ನೋಡಿ, ಮನೆಯವರನ್ನೇ ಕೇಳಿ. ಆದರೆ ಆ ರಿಜಿಸ್ಟರ್ ತೆಗೆದು ನೋಡುವವರು ಯಾರೂ ಇಲ್ಲ. ಎಲ್ಲರಿಗೂ ಬೇಕಾಗಿರೋದು ಕಥೆ. ಐನೂರು ಪದ, ಫಲಾನುಭವಿಯ ಹೆಸರು, ಊರು, ಮೊಬೈಲ್ ನಂಬರ್, ‘ಮೊದಲು’ ಮತ್ತು ‘ನಂತರ’ದ ಬಣ್ಣದ ಫೋಟೊ, ಕೊನೆಗೆ ಫಲಾನುಭವಿಯದೇ ಮಾತಿನಲ್ಲಿ ಇಲಾಖೆಗೆ ಕೃತಜ್ಞತೆ. ಹೌದು, ಕೃತಜ್ಞತೆಗೂ ಒಂದು ಕಾಲಂ ಇದೆ. ಈ ತಿಂಗಳು ಯಾರೂ ಕೃತಜ್ಞರಾಗಿಲ್ಲ ಸಾರ್ ಅಂತ ಬರೆಯೋಕಾಗುತ್ತಾ?

ಹೋದ ಸಲ ಕಳಿಸಿದ ಕಥೆ ವಾಪಸ್ ಬಂತು. ಅದನ್ನು ಹೇಳಿದರೇನೇ ನನ್ನ ಹೊಟ್ಟೆಯುರಿ ನಿಮಗೆ ಅರ್ಥವಾಗೋದು.

ಒಬ್ಬಳು ಹುಡುಗಿ, ಏಳು ವರ್ಷ, ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ಸ್ಥಿತಿ. ನಾವು ಮೊದಲು ಹೋದಾಗ ಮಲಗಿಸಿಯೇ ಊಟ ಮಾಡಿಸುತ್ತಿದ್ದರು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗುತ್ತೆ, ಪದೇ ಪದೇ ಕೆಮ್ಮು, ಜ್ವರ, ನ್ಯುಮೋನಿಯಾ. ನಮ್ಮ ಥೆರಪಿಸ್ಟ್ ಹುಡುಗ ಮನೆಯಲ್ಲೇ ಇದ್ದ ಒಂದು ಮುರುಕಲು ಪ್ಲಾಸ್ಟಿಕ್ ಕುರ್ಚಿಯ ಕಾಲು ಕತ್ತರಿಸಿ, ಎರಡೂ ಪಕ್ಕಕ್ಕೆ ಹಳೇ ಸೀರೆಯ ಸುರುಳಿ ಕಟ್ಟಿ, ಎದೆಗೆ ಒಂದು ಬೆಲ್ಟ್ ಹಾಕಿ ಕೂರುವ ಹಾಗೆ ಮಾಡಿದ. ಸ್ಟೀಲ್ ಚಮಚದ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದ, ತೆಳು ಹಿಡಿಕೆ ಅವಳ ಮುಷ್ಟಿಗೆ ಸಿಗುತ್ತಿರಲಿಲ್ಲ. ವರ್ಷದ ಮೇಲಾಯಿತು. ಈಗ ಅವಳು ಕೂತು, ಮೊಸರನ್ನವನ್ನು ತಾನೇ ಬಾಯಿಗೆ ಇಟ್ಟುಕೊಳ್ಳುತ್ತಾಳೆ. ಅರ್ಧ ಅಂಗಿಗೆ, ಅರ್ಧ ಬಾಯಿಗೆ. ಅವರಮ್ಮ ಅಷ್ಟು ಹೊತ್ತು ಪಕ್ಕದಲ್ಲಿ ಕೂತು ತನ್ನ ಊಟ ತಾನು ಮಾಡುತ್ತಾಳೆ, ಬಿಸಿ ಇರುವಾಗಲೇ.

ಇದನ್ನು ಬರೆದು ಕಳಿಸಿದೆ. ನನ್ನ ಪ್ರಕಾರ ನಾವು ಮಾಡಿದ್ದರಲ್ಲೇ ಒಳ್ಳೇ ಕೆಲಸ ಅದು.

ಫೋನ್ ಬಂತು. ‘ಮೇಡಂ, ಹುಡುಗಿ ನಡೀತಾಳಾ?’

ಇಲ್ಲ ಸಾರ್.

‘ಮತ್ತೆ ಯಶಸ್ಸು ಏನ್ರಿ ಇದ್ರಾಗೆ? ಚಮಚ ಹಿಡಿಯೋದೆಲ್ಲ ಯಶೋಗಾಥೆ ಆಗುತ್ತಾ? ನಡೆಯೋ ಮಗು ಇದ್ರೆ ಕಳಿಸ್ರಿ.’

ಸೆರೆಬ್ರಲ್ ಪಾಲ್ಸಿ ಇರೋ ಮಗು ಎಷ್ಟರಮಟ್ಟಿಗೆ ಕೂರುತ್ತೆ, ಓಡಾಡುತ್ತೆ ಅಂತ ಹೇಳೋಕೆ ಜಿಎಂಎಫ್‌ಸಿಎಸ್ ಅಂತ ಐದು ಹಂತದ ಅಳತೆ ಇದೆ. 1997ರಲ್ಲಿ ಬಂದದ್ದು, ಇವತ್ತು ಎಲ್ಲ ಕಡೆ ಬಳಕೆಯಲ್ಲಿದೆ. ಒಂದನೇ ಹಂತದ ಮಗು ನಡೆಯುತ್ತೆ, ಮೆಟ್ಟಿಲೂ ಹತ್ತುತ್ತೆ. ಐದನೇ ಹಂತದ ಮಗುವಿಗೆ ಕತ್ತು ನಿಲ್ಲಿಸೋದೇ ಕಷ್ಟ. ಈ ಹುಡುಗಿ ನಾಲ್ಕನೇ ಹಂತ. ಅವಳಿಗೆ ಓಡಾಟ ಅಂದ್ರೆ ಗಾಲಿಕುರ್ಚಿಯೇ. ಥೆರಪಿಯಿಂದ ನಡೆದುಬಿಡುತ್ತಾಳೆ ಅಂತ ನಾವು ಅವರಮ್ಮನಿಗೆ ಒಂದು ದಿನವೂ ಹೇಳಿಲ್ಲ, ಯಾಕಂದ್ರೆ ಅದು ಸುಳ್ಳು. ಆ ಸುಳ್ಳು ಹೇಳಿ ದುಡ್ಡು ಕಿತ್ತವರು ನಮಗಿಂತ ಮೊದಲೇ ಆ ಮನೆಗೆ ಬಂದು ಹೋಗಿದ್ದಾರೆ, ಎಣ್ಣೆಯವರು, ತಾಯತದವರು, ಎಲ್ಲ.

ಸರಿ, ಆಮೇಲೆ ಫೋಟೊ ವಿಷಯ. ‘ಮೊದಲು’ ಫೋಟೊ ಇಲ್ವಲ್ಲ ಮೇಡಂ ಅಂದರು. ನಿಜ, ಇಲ್ಲ. ಮೊದಲ ದಿನ ಮನೆಗೆ ಹೋದವರು ಮೊಬೈಲ್ ತೆಗೆದು ನೆಲದ ಮೇಲೆ ಮಲಗಿದ ಮಗುವಿನ ಫೋಟೊ ಹೊಡೀತಾ ನಿಂತರೆ ಎರಡನೇ ಸಲ ಬಾಗಿಲು ತೆಗೀತಾರಾ? ಅದಕ್ಕೆ ಬಂದ ಸಲಹೆ ಕೇಳಿ. ‘ಈಗ ಒಂದ್ಸಲ ನೆಲದ ಮೇಲೆ ಮಲಗಿಸಿ ತೆಗೀರಿ, ಏನಾಗ್ತದೆ?’

ನನಗೆ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಫೋನಲ್ಲಿ ‘ನೋಡ್ತೀನಿ ಸಾರ್’ ಅಂದೆ, ಅಷ್ಟೇ. ವರ್ಷಗಟ್ಟಲೆ ಮಲಗೇ ಇದ್ದ ಮಗು ಈಗ ತಾನೆ ಕೂತಿದೆ. ಅದನ್ನು ಫೋಟೊಕ್ಕೋಸ್ಕರ ವಾಪಸ್ ಮಲಗಿಸಬೇಕಂತೆ.

ಸಮ್ಮತಿ ಪತ್ರ ಇದೆಯಲ್ಲ ಅಂತೀರಾ? ಇದೆ, ಒಂದು ಹಾಳೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಓದಿದರೆ ಸಮ್ಮತಿ ಅಂದ್ರೆ ಸ್ವಂತ ಇಚ್ಛೆಯಿಂದ, ವಿಷಯ ತಿಳಿದು, ಷರತ್ತಿಲ್ಲದೆ ಕೊಟ್ಟಿರಬೇಕು ಅನ್ನುತ್ತೆ. ಮಕ್ಕಳದಾದರೆ ತಂದೆತಾಯಿ ಕೊಡಬೇಕು. ಈಗ ನೀವೇ ಹೇಳಿ, ವಾರ ವಾರ ಮಗುವಿಗೆ ಥೆರಪಿ ಮಾಡೋಕೆ ಬರುವ ನಾನೇ ಆ ಹಾಳೆ ಮುಂದೆ ಹಿಡಿದರೆ ಯಾವ ತಾಯಿ ಬೇಡ ಅಂತಾಳೆ? ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು. ‘ಅಕ್ಕಾ, ಫೋಟೊ ಕೊಟ್ರೆ ಪಿಂಚಣಿ ನಿಲ್ಲಲ್ಲ ಅಲ್ವಾ?’ ಫೋಟೊಕ್ಕೂ ಪಿಂಚಣಿಗೂ ಸಂಬಂಧ ಇಲ್ಲಮ್ಮ ಅಂದೆ. ಅವಳು ನಂಬಲಿಲ್ಲ. ಎಲ್ಲಿ ಬೇಕಾದ್ರೂ ಹೆಬ್ಬೆಟ್ಟು ಒತ್ತುತ್ತೀನಿ ಅಂದಳು. ಇದು ಸಮ್ಮತಿ ಅಂತೆ.

ಕೊಟ್ಟ ಫೋಟೊ ಎಲ್ಲಿಗೆ ಹೋಗುತ್ತೆ ಅನ್ನೋದೂ ನನಗೆ ಗೊತ್ತು. ಸಮಾವೇಶದ ದಿನ ಫ್ಲೆಕ್ಸ್ ಮೇಲೆ. ಮೇಲೆ ದೊಡ್ಡವರ ಸಾಲು, ಕೈ ಮುಗಿದುಕೊಂಡು, ಕೆಳಗೆ ಮೂಲೆಯಲ್ಲಿ ಮಗು. ಆಮೇಲೆ ಆ ಫ್ಲೆಕ್ಸ್ ಯಾರದೋ ಕಣದಲ್ಲಿ ಮೆಕ್ಕೆಜೋಳದ ರಾಶಿ ಮೇಲೆ ಹೊದಿಕೆಯಾಗುತ್ತೆ. ಮಳೆಗಾದರೂ ಉಪಯೋಗಕ್ಕೆ ಬಂತಲ್ಲ ಬಿಡಿ.

ಇನ್ನೊಂದು ಮನೆ. ಅಜ್ಜಿಗೆ ಲಕ್ವ ಹೊಡೆದು ಎದ್ದು ಓಡಾಡಿಲ್ಲ, ಎರಡು ವರ್ಷವಾಯಿತು. ಸೊಸೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾಳೆ, ರಾತ್ರಿ ಎದ್ದೂ ಮಾಡುತ್ತಾಳೆ, ಮೊಣಕಾಲಿನ ನಡುವೆ ದಿಂಬು ಇಡುತ್ತಾಳೆ, ಸೊಂಟದ ಹತ್ತಿರ ಕೆಂಪಾಗಿದೆಯಾ ಅಂತ ದಿನಾ ನೋಡುತ್ತಾಳೆ. ಹೇಳಿಕೊಟ್ಟಿದ್ದು ನಾವು, ಮಾಡಿದ್ದು ಅವಳು. ಅಜ್ಜಿಗೆ ಇವತ್ತಿನವರೆಗೆ ಒಂದು ಹಾಸಿಗೆ ಹುಣ್ಣೂ ಇಲ್ಲ. ಮೊದಲು ಚರ್ಮ ಚೆನ್ನಾಗಿತ್ತು, ನಂತರವೂ ಚೆನ್ನಾಗಿದೆ. ಇದಕ್ಕೆ ಯಾವ ‘ಮೊದಲು’ ಹಾಕಲಿ, ಯಾವ ‘ನಂತರ’ ಹಾಕಲಿ? ಪಿಂಚಣಿ ಕೆಲಸವೂ ಹಾಗೇ. ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬರೋಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ) ಆಗಿಲ್ಲ ಅಂತ ನಿಂತು ಹೋದ ದುಡ್ಡನ್ನು ಮತ್ತೆ ಬರೋ ಹಾಗೆ ಮಾಡೋಕೆ ಬ್ಯಾಂಕು, ನಾಡಕಚೇರಿ, ಮತ್ತೆ ಬ್ಯಾಂಕು ಅಂತ ಅಲೆದಿದ್ದೀವಿ. ಆದರೆ ಅದನ್ನು ಬರೆದರೆ ದುಡ್ಡು ನಿಂತಿದ್ದು ಯಾಕೆ ಅಂತಲೂ ಬರೆಯಬೇಕಲ್ಲ, ಅದು ಯಾರಿಗೂ ಬೇಡ.

ಸೋತದ್ದಕ್ಕಂತೂ ಜಾಗವೇ ಇಲ್ಲ. ಒಬ್ಬ ಹುಡುಗನಿಗೆ ಶಿಬಿರದಲ್ಲಿ ಗಾಲಿಕುರ್ಚಿ ಕೊಟ್ಟರು, ಚಪ್ಪಾಳೆ ತಟ್ಟಿದರು. ಅವನ ಬೀದಿಯಲ್ಲಿ ಮುಂದಿನ ಸಣ್ಣ ಗಾಲಿ ಮಣ್ಣಿನಲ್ಲಿ ಹೂತುಕೊಳ್ಳುತ್ತೆ, ಮನೆಯ ಹೊಸ್ತಿಲು ದಾಟಲ್ಲ, ಹಿಂದೆ ತಳ್ಳೋರಿಲ್ಲ. ಈಗ ಅದರ ಮೇಲೆ ಗೊಬ್ಬರದ ಚೀಲ ಇಟ್ಟಿದ್ದಾರೆ. ಇಲಾಖೆಗೆ ನಿಜವಾಗಿ ಉಪಯೋಗ ಆಗುವ ಕಥೆ ಇದ್ದರೆ ಇದೇ. ಮುಂದಿನ ಸಲ ಕುರ್ಚಿ ಕೊಡೋಕೆ ಮೊದಲು ಹುಡುಗನ ಬೀದಿ ನೋಡಿ, ದಪ್ಪ ಗಾಲಿಯದು ತರಿಸಿ, ಹೊಸ್ತಿಲಿಗೊಂದು ಇಳಿಜಾರು ಹಾಕಿಸಿ ಅಂತ ಹೇಳುತ್ತೆ. ಆದರೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಇದರಿಂದ ಏನಾಗ್ತಿದೆ ಗೊತ್ತಾ? ನಮ್ಮ ಹುಡುಗರೇ ಈಗ ಮನೆ ಆರಿಸುವಾಗ ಕಥೆ ಸಿಗುತ್ತಾ ಅಂತ ನೋಡ್ತಾರೆ. ಬೇಗ ಸುಧಾರಿಸೋ ಮಗುವಿನ ಮನೆಗೆ ಜಾಸ್ತಿ ಹೋಗ್ತಾರೆ. ಐದನೇ ಹಂತದ ಮಗುವಿನ ಮನೆ ಹಿಂದೆ ಬೀಳುತ್ತೆ, ಅಲ್ಲಿಗೇ ನಾವು ಜಾಸ್ತಿ ಹೋಗಬೇಕಾಗಿದ್ದು. ಅವರನ್ನು ಬೈಯೋಕೂ ಮನಸ್ಸು ಬರಲ್ಲ, ಕಂತು ನಿಂತರೆ ಮೊದಲು ನಿಲ್ಲೋದು ಅವರ ಸಂಬಳವೇ. ಇನ್ನು ಕೆಲವು ಕಡೆ ಹೊಲಿಗೆ ಮೆಷಿನ್ ಹಾಕಿಕೊಂಡ ಒಬ್ಬರೇ ಅಕ್ಕ ಮೂರು ಇಲಾಖೆಯ ಯಶೋಗಾಥೆ ಪುಸ್ತಕದಲ್ಲಿ ಇರ್ತಾರೆ, ಮೆಷಿನ್ ಕೊಟ್ಟಿದ್ದು ಒಬ್ಬರು, ಸಾಲ ಕೊಟ್ಟಿದ್ದು ಇನ್ನೊಬ್ಬರು, ತರಬೇತಿ ಮತ್ತೊಬ್ಬರದು, ಫೋಟೊದಲ್ಲಿ ಸೀರೆ ಮಾತ್ರ ಬೇರೆ ಬೇರೆ.

ಕಥೆಯೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ರಿಜಿಸ್ಟರಿನಿಂದ ನೀವೇ ಯಾವುದಾದರೂ ಹತ್ತು ಮನೆ ಆರಿಸಿ, ಬನ್ನಿ, ಕೂತು ಮಾತಾಡಿ, ಗೆದ್ದದ್ದೂ ಸೋತದ್ದೂ ಬರೆದುಕೊಂಡು ಹೋಗಿ. ಹೆಸರು, ಮುಖ ಬೇಡ. ಅದನ್ನು ಕಂತಿಗೆ ಕಟ್ಟಬೇಡಿ. ಇಷ್ಟನ್ನು ಒಂದು ಸಭೆಯಲ್ಲಿ ಹೇಳಿದ್ದೆ. ಎಲ್ಲರೂ ತಲೆ ಆಡಿಸಿದರು, ಮಂಡಕ್ಕಿ-ಮೆಣಸಿನಕಾಯಿ ಬಂತು, ಸಭೆ ಮುಗೀತು.

ಈಗ ನಾನು ಚಮಚದ ಕಥೆಯನ್ನೇ ಮತ್ತೆ ಕಳಿಸುತ್ತಿದ್ದೇನೆ. ಹೆಸರು ಬದಲಿಸಿ, ಊರು ತೆಗೆದು, ಫೋಟೊ ಇಲ್ಲದೆ. ಕೃತಜ್ಞತೆ ಕಾಲಂ ಖಾಲಿ. ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗ ಕಡೆ ಇಂಥದೇ ಕೆಲಸ ಮಾಡುವವರು ಇದನ್ನು ಓದ್ತಿದ್ರೆ ಹೇಳಿ, ನಿಮ್ಮ ಕರಾರಿನಲ್ಲೂ ಈ ಷರತ್ತು ಇದೆಯಾ? ಫೋಟೊ ಇಲ್ಲದೆ ಯಾರಾದರೂ ಪಾಸ್ ಮಾಡಿಸಿಕೊಂಡಿದ್ದರೆ ಜೊತೆಗೆ ಪತ್ರ ಏನಂತ ಬರೆದು ಕೊಟ್ಟಿರಿ ಅನ್ನೋದನ್ನೂ ಹೇಳಿ, ನನಗೆ ಸೋಮವಾರದೊಳಗೆ ಬೇಕು.