ಒಂದು ನಾಯಿ, ನಾಲ್ಕು ಡಾಕ್ಟರು

ನಾಯಿ ಬೆಳಗಿನ ಅನ್ನ ಮುಟ್ಟಲಿಲ್ಲ ಎಂದರೆ ಸಾಕು, ಹತ್ತೇ ನಿಮಿಷದಲ್ಲಿ ಮನೆಯಲ್ಲಿ ನಾಲ್ಕು ಜನ ಡಾಕ್ಟರು ತಯಾರು. ಅಜ್ಜಿ ಅರಿಶಿನದ ಡಬ್ಬಿ ಹಿಡಿದು ಬರುತ್ತಾರೆ. ಅಪ್ಪ ತಮ್ಮ ಜ್ವರದ ಮಾತ್ರೆಯನ್ನು ಅರ್ಧಕ್ಕೆ ಮುರಿಯುತ್ತಾರೆ. ಮಗಳು ಮೊಬೈಲಿನಲ್ಲಿ ಹುಡುಕಿ, ಮೂರನೇ ನಿಮಿಷಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸಿ ಅಳುತ್ತಾಳೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ "ಮೂಗು ಒಣಗಿದ್ಯಾ ನೋಡಿ" ಅನ್ನುತ್ತಾರೆ. ನೋಡಿದರೆ ಮೂಗು ಒಣಗಿಯೇ ಇರುತ್ತದೆ, ಯಾಕೆಂದರೆ ಅದು ಈಗಷ್ಟೇ ಬಿಸಿಲಲ್ಲಿ ಮಲಗಿ ಎದ್ದು ಬಂದಿದೆ.

ಮೂಗು ಮುಟ್ಟಿ ಜ್ವರ ಹೇಳುವ ವಿದ್ಯೆ ನಮ್ಮಲ್ಲಿ ಎಷ್ಟು ಹಳೆಯದೋ ಅಷ್ಟೇ ನಿರುಪಯೋಗಿ. ನಿದ್ದೆಯಿಂದ ಎದ್ದ ನಾಯಿಯ ಮೂಗೂ ಒಣಗಿರುತ್ತದೆ, ಫ್ಯಾನಿನ ಕೆಳಗೆ ಮಲಗಿದ್ದರೂ ಒಣಗಿರುತ್ತದೆ. ಮೈ ಮುಟ್ಟಿ ನೋಡಿದರೂ ಗೊತ್ತಾಗುವುದಿಲ್ಲ. ನಾಯಿಯ ಮಾಮೂಲಿ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಾವು ಆಫೀಸಿಗೆ ರಜೆ ಹಾಕುವಷ್ಟು ಜ್ವರದಲ್ಲಿ ಅದು ಆರಾಮಾಗಿ ಚಪ್ಪಲಿ ಕಡಿಯುತ್ತಿರುತ್ತದೆ. 103 ದಾಟಿದರೆ ಜ್ವರ, 104 ದಾಟಿದರೆ ಅದೇ ದಿನ ಡಾಕ್ಟರು, 106 ಎಂದರೆ ಆ ಕ್ಷಣವೇ ಹೊರಡಬೇಕು.

ಇದನ್ನು ತಿಳಿಯಲು ಥರ್ಮಾಮೀಟರ್ ಬೇಕು, ಮತ್ತು ಅದು ಹೋಗಬೇಕಾದ ಜಾಗ ಬಾಯಿ ಅಲ್ಲ. ತುದಿ ಬಾಗುವ ಡಿಜಿಟಲ್ ಥರ್ಮಾಮೀಟರ್ ತಂದು, ತುದಿಗೆ ವ್ಯಾಸಲಿನ್ ಸವರಿ, ಒಬ್ಬರು ನಾಯಿಯ ಕುತ್ತಿಗೆ ತಬ್ಬಿ ಮಾತಾಡಿಸುತ್ತಿರುವಾಗ ಇನ್ನೊಬ್ಬರು ಬಾಲ ಎತ್ತಿ ಗುದದೊಳಗೆ ಒಂದಂಗುಲ ಮೆಲ್ಲಗೆ ಸರಿಸಬೇಕು. ಬೀಪ್ ಎಂದ ಮೇಲೆ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಅದರ ಮೇಲೆ ಮಾರ್ಕರಿನಲ್ಲಿ ದಪ್ಪಗೆ "ನಾಯಿ" ಎಂದು ಬರೆದಿಡಿ. ಬರೆಯದ ಮನೆಗಳಲ್ಲಿ ಮುಂದೆ ಏನಾಗುತ್ತದೆ ಎಂದು ಇಲ್ಲಿ ವಿವರಿಸುವುದು ಬೇಡ.

ಮೂಗಿಗಿಂತ ನಂಬಿಕಸ್ಥ ಜಾಗ ಒಸಡು. ತುಟಿ ಎತ್ತಿ ನೋಡಿ, ತಿಳಿಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತಸಂಚಾರ ಕುಸಿದಿದೆ (ಶಾಕ್), ಹಳದಿಯಾದರೆ ಕಾಮಾಲೆ, ನೀಲಿಯಾದರೆ ಉಸಿರಿನ ತೊಂದರೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು. ಈ ಪರೀಕ್ಷೆಯನ್ನು ಅಜ್ಜಿ ಅರಿಶಿನ ಹಚ್ಚುವ ಮೊದಲೇ ಮಾಡಿಕೊಳ್ಳಿ. ಆಮೇಲೆ ಎಲ್ಲ ನಾಯಿಗೂ ಕಾಮಾಲೆ.

ಇನ್ನು ಅಪ್ಪನ ಅರ್ಧ ಮಾತ್ರೆ. ತಮಾಷೆ ಇಲ್ಲಿಗೆ ನಿಲ್ಲಬೇಕಾಗುತ್ತದೆ, ಯಾಕೆಂದರೆ ಪ್ಯಾರಾಸಿಟಮಾಲ್ ನಾಯಿಯ ಲಿವರ್ ಕೆಡಿಸುತ್ತದೆ, ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಲು ಸಾಕು. ಮೊಣಕಾಲು ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಇಳಿಯುತ್ತವೆ. "ಮಕ್ಕಳ ಸಿರಪ್ ತಾನೇ, ಏನಾಗುತ್ತೆ" ಎಂಬ ವಾದವೂ ನಿಲ್ಲುವುದಿಲ್ಲ. ಕೆಲವು ಸಿರಪ್ಪುಗಳಲ್ಲಿ, ಸಕ್ಕರೆರಹಿತ ಚೂಯಿಂಗ್ ಗಮ್ಮುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ, ಅದು ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲದು.

ಅಡುಗೆಮನೆಯಲ್ಲೂ ಶತ್ರುಗಳಿದ್ದಾರೆ. ಚಾಕೊಲೇಟ್ ನಾಯಿಗೆ ವಿಷ ಎಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ಚಾಕೊಲೇಟ್ ಕೊಡದೆ ಜಾಗ್ರತೆ ವಹಿಸುವ ಮನೆಯಲ್ಲೇ ಶಾವಿಗೆ ಪಾಯಸದ ತಳ ನಾಯಿಯ ಬಟ್ಟಲಿಗೆ ಹೋಗುತ್ತದೆ, ಒಣದ್ರಾಕ್ಷಿ ಸಮೇತ. ದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನೇ ನಿಲ್ಲಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂದು ಈಗ ಪಶುವೈದ್ಯರು ಶಂಕಿಸುತ್ತಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳ. ಹಾಗಾಗಿ ಹುಳಿ, ಪುಳಿಯೋಗರೆ ನಾಯಿಗೆ ಬೇಡ. ಈರುಳ್ಳಿ ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಸೋಮವಾರ ತಿಂದ ಈರುಳ್ಳಿ ಬಜ್ಜಿಗೆ ಗುರುವಾರ ಸುಸ್ತಾಗುವುದರಿಂದ ಬಜ್ಜಿಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಏನೋ ತಿಂದಿದೆ ಎಂದು ಗೊತ್ತಾದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ. ಏನು ತಿಂದಿತು, ಎಷ್ಟು, ಯಾವಾಗ, ಈ ಮೂರನ್ನು ಫೋನಿನಲ್ಲಿ ಡಾಕ್ಟರಿಗೆ ಹೇಳಿ, ಪೊಟ್ಟಣ ಇದ್ದರೆ ಕೈಯಲ್ಲಿ ಹಿಡಿದು ಹೊರಡಿ.

ಆದರೆ ನಮ್ಮ ನಾಡಿನ ನಾಯಿಯ ನಿಜವಾದ ವೈರಿ ಉಣ್ಣೆ. ಸ್ವೆಟರಿನ ಉಣ್ಣೆಯಲ್ಲ, ಕೆಲವೆಡೆ ಉಣುಗು ಅನ್ನುವ, ಎಂಟು ಕಾಲಿನ ಉಣ್ಣೆ. ರಕ್ತ ಕುಡಿದು ಉಬ್ಬಿದಾಗ ಥೇಟ್ ಹರಳು ಬೀಜ. ಹರಳು ಗಿಡಕ್ಕೆ ರಿಸಿನಸ್ ಎಂದು ಹೆಸರು ಬಂದದ್ದೂ ಉಣ್ಣೆಗಿದ್ದ ಲ್ಯಾಟಿನ್ ಪದದಿಂದಲೇ, ರೋಮಿನ ನಾಯಿಗಳಿಗೂ ಇದೇ ಗೋಳಿದ್ದಿರಬೇಕು. ಕಿವಿಯ ಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ಬೆಲ್ಟಿನ ಅಡಿ, ಬಾಲದ ಬುಡ, ಈ ಐದು ಜಾಗ ದಿನಕ್ಕೊಮ್ಮೆ ಬೆರಳಾಡಿಸಿ ನೋಡಬೇಕು.

ಇಲ್ಲೊಂದು ಎಚ್ಚರಿಕೆ. ಗಂಡು ನಾಯಿಯ ಹೊಟ್ಟೆಯ ಮೇಲೆ ಎರಡು ಸಾಲಾಗಿ ಸಣ್ಣ ಸಣ್ಣ ಗುಬಟು ಕಂಡರೆ ಚಿಮುಟ ಕೆಳಗಿಡಿ. ಅವು ಮೊಲೆತೊಟ್ಟುಗಳು, ಗಂಡಿಗೂ ಇರುತ್ತವೆ. "ಈ ಉಣ್ಣೆ ಬಹಳ ಗಟ್ಟಿಯಾಗಿ ಕಚ್ಚಿಕೊಂಡಿದೆ" ಎಂದು ಎಳೆಯುವ ಮನೆಗಳಲ್ಲಿ ನಾಯಿ ಆಮೇಲೆ ಯಾರನ್ನೂ ನಂಬುವುದಿಲ್ಲ. ಕೂದಲು ಸರಿಸಿ ಹತ್ತಿರದಿಂದ ನೋಡಿದರೆ ಉಣ್ಣೆಗೆ ಚರ್ಮದ ಬಳಿ ಕಾಲು ಕಾಣುತ್ತದೆ, ತೊಟ್ಟಿಗೆ ಕಾಣುವುದಿಲ್ಲ.

ಉಣ್ಣೆಯೇ ಹೌದಾದರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ಜರ್ಕು ಕೊಡದೆ, ನೇರವಾಗಿ ಎಳೆಯಿರಿ. ಹೊಟ್ಟೆ ಹಿಡಿದರೆ ಒಳಗಿದ್ದದ್ದೆಲ್ಲ ಗಾಯಕ್ಕೆ ಇಂಜೆಕ್ಷನ್ ಆಗುತ್ತದೆ. ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಿಂದ ಚುಚ್ಚುವುದು ಕೂಡ ಇದೇ ಕೆಲಸ ಮಾಡುತ್ತವೆ; ಜೊತೆಗೆ ನಾಯಿಯ ಚರ್ಮ ಸುಡುತ್ತದೆ. ಕಿತ್ತದ್ದನ್ನು ಹೇನು ಕುಕ್ಕುವಂತೆ ಉಗುರಲ್ಲಿ ಕುಕ್ಕಬಾರದು, ಸ್ಪಿರಿಟ್ ಇರುವ ಮುಚ್ಚಳದ ಬಾಟಲಿಗೆ ಹಾಕಬೇಕು. ಇದು ಹೇಳಲು ಸುಲಭ. ಭಾನುವಾರ ಮಧ್ಯಾಹ್ನ ಟಿವಿ ನೋಡುತ್ತಾ ಉಣ್ಣೆ ಕೀಳುವ ಯಜಮಾನರು ಬಾಟಲಿಯನ್ನು ಸೋಫಾದ ಮೇಲೆ ಉರುಳಿಸುವುದು ಬಹುತೇಕ ನಿಶ್ಚಿತ.

ಕಿತ್ತು ಮುಗಿಯಿತು ಎನ್ನುವಂತಿಲ್ಲ. ಹೊಟ್ಟೆ ತುಂಬಿದ ಹೆಣ್ಣುಣ್ಣೆ ನಾಯಿಯಿಂದ ಉದುರಿ, ಗೋಡೆ ಹತ್ತಿ, ಬಾಗಿಲ ಚೌಕಟ್ಟಿನ ಬಿರುಕಿನಲ್ಲಿ ನಾಲ್ಕು ಸಾವಿರದಷ್ಟು ಮೊಟ್ಟೆ ಇಡಬಲ್ಲದು. ಮನೆಯವರು ನಾಯಿಯನ್ನು ಉಜ್ಜಿದ್ದೇ ಉಜ್ಜಿದ್ದು, ಉಣ್ಣೆ ಮಾತ್ರ ಕ್ಯಾಲೆಂಡರಿನ ಹಿಂದೆ ಕೂತು ಸಂಸಾರ ಹೂಡಿರುತ್ತದೆ. ಹಾಸಿಗೆ ಬಿಸಿನೀರಲ್ಲಿ ಒಗೆದು, ಸಂದಿಗಳಿಗೆ ಡಾಕ್ಟರು ಹೇಳಿದ ಔಷಧಿ ಹೊಡೆದು, ನಾಯಿಗೂ ತಿಂಗಳ ಮಾತ್ರೆಯನ್ನೋ ಹನಿಯನ್ನೋ ತಪ್ಪದೆ ಕೊಡಬೇಕು. ಹನಿ ಔಷಧಿಯನ್ನು ಭುಜಗಳ ನಡುವೆ, ಕೂದಲು ಬಿಡಿಸಿ, ಚರ್ಮದ ಮೇಲೆ ಹಾಕಬೇಕು. ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಇಲ್ಲ. ಹೆಚ್ಚಿನವರು ಕೂದಲ ಮೇಲೆ ಸುರಿದು, ಮಾರನೆಯ ದಿನ ವಾಸನೆ ಎಂದು ಶ್ಯಾಂಪೂ ಹಾಕಿ, ಔಷಧಿಯೇ ನಕಲಿ ಎಂದು ಅಂಗಡಿಯವನನ್ನು ಬೈಯುತ್ತಾರೆ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿ ಔಷಧಿ ಬೆಕ್ಕಿಗೆ ವಿಷ, ಎರಡೂ ಇರುವ ಮನೆಯವರು ಲೇಬಲ್ ಓದಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಉಣ್ಣೆ ಬೇರೆ ಜಾತಿಯದು, ಆದರೂ ಮಲೆನಾಡಿನಲ್ಲಿ ಕಾಡು ಸುತ್ತಿ ಬಂದ ನಾಯಿಯ ಮೈ ನೋಡದೆ ಜಗಲಿ ಹತ್ತಿಸಬಾರದು.

ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಜ್ವರ, ಊಟ ಬೇಡ, ಮೂಗಿನಿಂದ ರಕ್ತ, ಹೊಟ್ಟೆಯ ಮೇಲೆ ಸಣ್ಣ ಕೆಂಪು ಚುಕ್ಕೆ ಕಂಡರೆ, ಅಥವಾ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಬೇಕು. ಉಣ್ಣೆ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಎಂದು ಬಂದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಐದನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸುತ್ತದೆ, ಆರನೇ ದಿನಕ್ಕೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿಯುತ್ತದೆ.

ನಿಲ್ಲಿಸಲು ಇನ್ನೊಂದು ಕಾರಣವೂ ಉಂಟು: ಮಾತ್ರೆ ನುಂಗಿಸುವುದೇ ಒಂದು ಮಹಾಯುದ್ಧ. ಇಡ್ಲಿಯೊಳಗೆ ಇಟ್ಟರೆ ಇಡ್ಲಿ ಹೋಗುತ್ತದೆ, ಮಾತ್ರೆ ತೊಳೆದಿಟ್ಟಂತೆ ನೆಲದ ಮೇಲೆ ಬಿದ್ದಿರುತ್ತದೆ. ಬಾಳೆಹಣ್ಣಿನದೂ ಅದೇ ಕತೆ. ಇದಕ್ಕೆ ನಮ್ಮ ನೆಲದ ಪರಿಹಾರ ರಾಗಿಮುದ್ದೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂಬ ಶಾಸ್ತ್ರವನ್ನು ಯಾರೂ ಕಲಿಸದೆ ಪಾಲಿಸುವ ಪ್ರಾಣಿ ನಾಯಿ. ಆರಿದ ಮುದ್ದೆಯಿಂದ ನೆಲ್ಲಿಕಾಯಿ ಗಾತ್ರದ ಮೂರು ಉಂಡೆ ಕಟ್ಟಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆಯೇ ಹಿಡಿದಿರಬೇಕು. ಅದರ ಆಸೆಗೆ ಎರಡನೆಯದು ಗುಳುಂ ಎಂದು ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಗಂಟಲ ನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ, ಆದ್ದರಿಂದ ಮೇಲೆ ಒಂದಿಷ್ಟು ಊಟ ಅಥವಾ ನೀರು ಹೋಗಲೇಬೇಕು. ಹಾಲು ಬೇಡ, ಅದು ಈ ಮಾತ್ರೆಯನ್ನು ಪೂರ್ತಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ.

ಹೊಟ್ಟೆ ಕೆಟ್ಟಾಗ ವಯಸ್ಸು ನೋಡಿ. ದೊಡ್ಡ ನಾಯಿ ಒಂದೆರಡು ಸಲ ತೆಳ್ಳಗೆ ಹೋಗಿಯೂ ಬೆಕ್ಕನ್ನು ಅಟ್ಟಿಸಿಕೊಂಡು ಓಡುತ್ತಿದ್ದರೆ, ಎರಡು ಪಾಲು ಮೆತ್ತಗಿನ ಅನ್ನಕ್ಕೆ ಒಂದು ಪಾಲು ಮೂಳೆಯಿಲ್ಲದ ಬೇಯಿಸಿದ ಕೋಳಿ, ಉಪ್ಪು ಮಸಾಲೆ ಒಗ್ಗರಣೆ ಏನೂ ಇಲ್ಲದೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಟ್ಟು ಒಂದು ದಿನ ಕಾಯಬಹುದು. ಮರಿ ವಾಂತಿ ಮಾಡಿಕೊಂಡು, ರಕ್ತ ಬೆರೆತ ನೀರಿನಂಥ ಭೇದಿ ಮಾಡುತ್ತಿದ್ದರೆ ಒಂದು ಗಂಟೆಯೂ ಕಾಯಬೇಡಿ, ಪಾರ್ವೊ ಇರಬಹುದು. ಆ ವೈರಸ್ ಫಿನಾಯಿಲ್‌ಗೆ ಜಗ್ಗುವುದಿಲ್ಲ. 30 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಡಬೇಕು. ವಾಂತಿ ಬರುವಂತೆ ಓಕರಿಸಿಯೂ ಏನೂ ಬಾರದೆ ಹೊಟ್ಟೆ ಡೋಲಿನಂತೆ ಉಬ್ಬಿದರೆ, ಅದರಲ್ಲೂ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ಎದೆ ಆಳದ ನಾಯಿಯಾದರೆ, ಜಠರ ತಿರುಚಿರಬಹುದು. ಓಮದ ನೀರು ಕಾಯಿಸುವಷ್ಟು ಸಮಯ ಇಲ್ಲ.

ನೆಂಟರು ಸೋಫಾದಲ್ಲಿ ಕೂತು ಕಾಫಿ ಲೋಟ ಎತ್ತಿದ ಮುಹೂರ್ತಕ್ಕೇ ನಾಯಿ ಹಿಂಭಾಗವನ್ನು ನೆಲಕ್ಕೆ ಒರೆಸಿಕೊಂಡು ನಡುಮನೆಯ ತುಂಬ ತೆವಳುತ್ತದೆ. "ಜಂತುಹುಳ" ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು, ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಲಾಡಿಹುಳ. ಆದರೆ ಬಹಳ ಸಲ ತುಂಬಿಕೊಂಡಿರುವುದು ಗುದದ ಅಕ್ಕಪಕ್ಕ, ಗಡಿಯಾರದ ನಾಲ್ಕು ಮತ್ತು ಎಂಟರ ಜಾಗದಲ್ಲಿರುವ ಎರಡು ಗ್ರಂಥಿಗಳು. ಅವನ್ನು ಹಿಂಡುವುದು ಹೇಗೆಂದು ಒಮ್ಮೆ ಡಾಕ್ಟರ ಬಳಿ ನೋಡಿ ಕಲಿಯದೆ ಕೈ ಹಾಕಬೇಡಿ. ಅದರ ವಾಸನೆಗೆ ಒಣಮೀನಿನಲ್ಲೇ ಬೆಳೆದ ಕರಾವಳಿಯವರೂ ಕಿಟಕಿ ತೆಗೆಯುತ್ತಾರೆ.

ಒಂದು ಮಾತ್ರ ನಗದೆ ಹೇಳಬೇಕು. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತಾ, ನೀರು ನುಂಗಲಾಗದ ನಾಯಿಯನ್ನು ಕಂಡರೆ "ಮೂಳೆ ಸಿಕ್ಕಿಕೊಂಡಿದೆ" ಎಂದು ಬಾಯೊಳಗೆ ಕೈ ಹಾಕಬೇಡಿ. ರೇಬಿಸ್ ಹೀಗೂ ಕಾಣಿಸಿಕೊಳ್ಳುತ್ತದೆ. ನಾಯಿ ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಗುಲಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆಗಿ ಡಾಕ್ಟರ ಬಳಿ ಹೋದರೆ, ಮನೆಯಲ್ಲಿ ಕುಂಟುತ್ತಿದ್ದ ನಾಯಿ ಅಲ್ಲಿ ಕುದುರೆಯಂತೆ ಜಿಗಿಯುತ್ತದೆ. ಅದಕ್ಕೇ ಕೆಮ್ಮು, ಕುಂಟು, ನಡುಕ ಏನಿದ್ದರೂ ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ತೂಕವನ್ನೂ ತಿಳಿದುಕೊಂಡು ಹೋಗಿ, ಡೋಸ್ ಎಲ್ಲ ಕಿಲೋ ಲೆಕ್ಕ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಬಂದ ತೂಕದಲ್ಲಿ ನಿಮ್ಮ ತೂಕ ಕಳೆದರೆ ಆಯಿತು. ಈ ಲೆಕ್ಕದಲ್ಲಿ ತಮ್ಮ ತೂಕವನ್ನು ಬಾಯಿಮಾತಿನಲ್ಲಿ ಐದು ಕಿಲೋ ಇಳಿಸಿ ಹೇಳುವವರ ನಾಯಿಗೆ ಆ ಐದು ಕಿಲೋದ ಔಷಧಿ ಹೆಚ್ಚುವರಿಯಾಗಿ ಬೀಳುತ್ತದೆ.