ಹೌಸ್ ಡಿಜೆಗೆ ಒಂದು ಗಂಟೆ ಯಾವ ಮೂಲೆಗೆ?

ಶನಿವಾರದ ಕ್ಲಬ್ ನೈಟ್‌ನ ಪೋಸ್ಟರ್ ಈಗಷ್ಟೇ ಕಣ್ಣಿಗೆ ಬಿತ್ತು. ಬೆಂಗಳೂರು, ರಾತ್ರಿ 9ರಿಂದ 1. ನಾಲ್ಕು ಗಂಟೆಗೆ ಐದು ಹೆಸರು! ವರ್ಷಗಟ್ಟಲೆ ಹೌಸ್ ಎಂಬ ಕುಣಿತದ ಎಲೆಕ್ಟ್ರಾನಿಕ್ ಸಂಗೀತ ಒಂದನ್ನೇ ಹಿಡಿದು ಬಂದ ಡಿಜೆಯನ್ನು ವಿಮಾನದಲ್ಲಿ ಕರೆಸಿ, ರೂಮು ಮಾಡಿಕೊಟ್ಟು, ಸೆಟ್ಟಿಗೆ, ಅಂದರೆ ನುಡಿಸುವ ಸರದಿಗೆ, ಮಾತ್ರ 11:45ರಿಂದ 12:45. ನೋಡಿ ಮೈಯೆಲ್ಲ ಉರಿದುಹೋಯಿತು.

ಲೆಕ್ಕ ಹಾಕಿ. ಹೌಸ್ ಟ್ರ್ಯಾಕ್ ಆರೇಳು ನಿಮಿಷದ್ದು. 124 ಬಿಪಿಎಮ್‌ನಲ್ಲಿ (ನಿಮಿಷಕ್ಕೆ 124 ಬೀಟ್) 64 ಬೀಟ್ ಮುಗಿಯಲು ಸುಮಾರು 31 ಸೆಕೆಂಡ್. ಒಂದರ ಮೇಲೊಂದನ್ನು ಹದವಾಗಿ ಕೂಡಿಸಲು ಅಂಥ ಮೂರು ಸುತ್ತು, ಒಂದೂವರೆ ನಿಮಿಷವಾದರೂ ಬೇಕು. ಅಂದರೆ ಗಂಟೆಗೆ ಹನ್ನೊಂದೋ ಹನ್ನೆರಡೋ ಟ್ರ್ಯಾಕ್. ಹಿಂದಿನವರು 130ರಲ್ಲಿ ಬಿಟ್ಟುಹೋಗಿದ್ದರೆ, ನೆಲದಲ್ಲಿರುವವರಿಗೆ ಗೊತ್ತಾಗದ ಹಾಗೆ 123ಕ್ಕೆ ಇಳಿಸುವುದರಲ್ಲೇ ನಾಲ್ಕೈದು ಟ್ರ್ಯಾಕ್ ಹೋಗುತ್ತವೆ. ಉಳಿದ ಅರ್ಧ ಗಂಟೆಯಲ್ಲಿ ಏನು ಕಟ್ಟಬೇಕು?

ಈ ಸಂಗೀತ ಹುಟ್ಟಿದ್ದೇ ಹೊತ್ತನ್ನು ಎಳೆಯುವುದರಿಂದ. ಹೌಸ್‌ನ ಮೂಲಪುರುಷ, 1955ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡಿಜೆ ಫ್ರ್ಯಾಂಕಿ ನಕಲ್ಸ್, ಅಲ್ಲಿ ಇನ್ನೊಬ್ಬ ಡಿಜೆ ಲ್ಯಾರಿ ಲೆವಾನ್ ಜೊತೆ ಪಳಗಿ, 1977ರಲ್ಲಿ ಚಿಕಾಗೋದ ವೇರ್‌ಹೌಸ್ ಕ್ಲಬ್ಬಿಗೆ ಬಂದರು. ಶನಿವಾರ ರಾತ್ರಿ ಶುರುವಾದದ್ದು ಭಾನುವಾರ ಬೆಳಗಾದರೂ ನಡೆಯುತ್ತಿತ್ತು. 1979ರ ಜುಲೈ 12ರಂದು ಅದೇ ಊರಿನ ಕಾಮಿಸ್ಕಿ ಪಾರ್ಕ್ ಮೈದಾನದಲ್ಲಿ ಡಿಸ್ಕೋ ದ್ವೇಷಿಗಳು ಡಿಸ್ಕೋ ರೆಕಾರ್ಡುಗಳನ್ನು ಗುಡ್ಡೆ ಹಾಕಿ ಸಿಡಿಸಿದರು. ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈ ತೊಳೆದುಕೊಂಡವು. ಹೊಸ ಮಾಲು ಬರದಾದಾಗ ನಕಲ್ಸ್ ಇದ್ದ ಹಾಡುಗಳನ್ನೇ ಟೇಪಿನಲ್ಲಿ ಕತ್ತರಿಸಿ ಉದ್ದ ಮಾಡಿದರು. ಆ ಕೆಲಸ ಎಂಥದ್ದು ನೋಡಿ: ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ, 120 ಬಿಪಿಎಮ್ ಹಾಡಿನ ಒಂದು ಬೀಟ್ ಅಂದರೆ ಏಳೂವರೆ ಇಂಚು. ರೀಲನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ಕಿಕ್ (ದೊಡ್ಡ ಡ್ರಮ್ಮಿನ ಗುದ್ದು) ಎಲ್ಲಿ ಏಳುತ್ತದೆಂದು ಕಿವಿಯಲ್ಲೇ ಹುಡುಕಬೇಕು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಕಾಲಿಂಚು ತಪ್ಪಿದರೂ ಕುಣಿಯುವವರ ಹೆಜ್ಜೆ ಮುಗ್ಗರಿಸುತ್ತದೆ. ಆಮೇಲೆ ಪವರ್ ಪ್ಲಾಂಟ್ ಎಂಬ ಸ್ವಂತ ಕ್ಲಬ್, ರೀಮಿಕ್ಸ್‌ಗೆ ಗ್ರ್ಯಾಮಿ, ಚಿಕಾಗೋದಲ್ಲಿ ಅವರ ಹೆಸರಿನದೊಂದು ಬೀದಿ, ಎಲ್ಲ ಬಂತು. 2014ರಲ್ಲಿ ತೀರಿಕೊಂಡರು. ಅವರ ಜೀವಮಾನದ ಬುನಾದಿ ಆ ಉದ್ದನೆಯ ರಾತ್ರಿಗಳು. ಆ ಪರಂಪರೆಯವರನ್ನು ಕರೆಸಿ ಒಂದು ಗಂಟೆ ಕೊಡುತ್ತೀರಾ?

ಇಷ್ಟು ಹೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ರಾತ್ರಿ ಒಂದು ಗಂಟೆಗೆ ಬಾಗಿಲು ಹಾಕಬೇಕು ಅನ್ನುವುದು ಮೊದಲನೆಯದು. ಹೌದು, ಹಾಕಬೇಕು. ಇರುವುದೇ ನಾಲ್ಕು ಗಂಟೆ ಎಂದ ಮೇಲೆ ಅದನ್ನು ಐದು ಚೂರು ಮಾಡುವುದು ಯಾಕೆ? ಹೆಸರು ಹೆಚ್ಚಿದ್ದರೆ ಟಿಕೆಟ್ ಹೋಗುತ್ತದೆ ಅನ್ನುವುದು ಎರಡನೆಯದು. ಹೋಗುತ್ತದೆ, ಆದರೆ ಹಾಗೆ ಬಂದವರು ತಮ್ಮ ಗೆಳೆಯನ ಸೆಟ್ ಮುಗಿದ ಕೂಡಲೇ ಬಿಲ್ ಕೊಟ್ಟು ಎದ್ದು ಹೋಗುತ್ತಾರೆ. ಮುಖ್ಯ ಡಿಜೆ ಬರುವ ಹೊತ್ತಿಗೆ ನೆಲ ಅರ್ಧ ಖಾಲಿ.

ನಿಜವಾಗಿ ಕೆಡುವುದು ಇನ್ನೊಂದು ಕಡೆ. ಮೊದಲು ಬರುವವರಿಗೆ ಮುಕ್ಕಾಲು ಗಂಟೆ ಕೊಟ್ಟರೆ ಅಷ್ಟರಲ್ಲೇ ಗಮನ ಸೆಳೆಯುವ ಆತುರ ಹುಟ್ಟುತ್ತದೆ. 9:30ಕ್ಕೇ ಎಲ್ಲರ ಬಾಯಲ್ಲಿರುವ ಹಾಡು, 10 ಗಂಟೆಗೆಲ್ಲ ಮಿಕ್ಸರಿನ ಶಬ್ದದ ಮೀಟರ್ ಮಿತಿ ಮೀರಿ ಕೆಂಪಿನಲ್ಲಿ. ಶಬ್ದ ಮಿತಿ ಮೀರದಂತೆ ತಡೆಯುವ ಲಿಮಿಟರ್ ಕಿಕ್ಕನ್ನು ಹಿಸುಕುತ್ತದೆ, ಮೇಲಿನ ಸ್ವರಗಳು ಕಿವಿ ಕುಯ್ಯುತ್ತವೆ. 11:45ರ ಹೊತ್ತಿಗೆ ಏರಿಸಲು ಏನೂ ಉಳಿದಿರುವುದಿಲ್ಲ, ಜನರ ಕಿವಿಯೂ ದಣಿದಿರುತ್ತದೆ. ಮೇಲೆ ನಾಲ್ಕು ಸಲ ಡಿಜೆ ಬದಲಾವಣೆ. ಕತ್ತಲಲ್ಲಿ, ಅವಸರದಲ್ಲಿ, ಹಾಡು ಓಡುತ್ತಿರುವ ಯುಎಸ್‌ಬಿ ಡ್ರೈವನ್ನೇ ಕಿತ್ತುಬಿಡುವುದು ಹೊಸತಲ್ಲ.

ಒಳ್ಳೆಯ ಹೌಸ್ ಡಿಜೆಯ ಕೈ ನೋಡಿ. ಬರುವ ಟ್ರ್ಯಾಕಿನ ಲೋ (ಬೇಸ್‌ನ ತಗ್ಗು ಸ್ವರಗಳು) ಪೂರ್ತಿ ಇಳಿಸಿ, ಫೇಡರ್ (ವಾಲ್ಯೂಮ್ ಜಾರುಗುಂಡಿ) ಏರಿಸುತ್ತಾರೆ. ಅದರ ಹ್ಯಾಟ್, ಅಂದರೆ ತಾಳದ ಚಿಕ್ ಚಿಕ್ ಸದ್ದು, ಮೆಲ್ಲಗೆ ಸೇರಿಕೊಳ್ಳುತ್ತದೆ. ಎಂಟು ಬಾರ್ (ನಾಲ್ಕು ಬೀಟಿಗೊಂದು ಬಾರ್) ಮುಗಿದು ಮುಂದಿನ ಮೊದಲ ಬೀಟ್ ಬೀಳುವಾಗ ಒಂದರ ಲೋ ಕೆಳಕ್ಕೆ, ಇನ್ನೊಂದರದ್ದು ಮೇಲಕ್ಕೆ, ಎರಡೂ ಒಟ್ಟಿಗೆ. ಎರಡು ಬೇಸ್ ಒಟ್ಟಿಗಿದ್ದರೆ ಒಂದನ್ನೊಂದು ತಿಂದುಹಾಕಿ ಕಿಕ್ ಬಂದು ಹೋಗಿ ಮಾಡುತ್ತದೆ. ಈ ಕೆಲಸಕ್ಕೆ ವ್ಯವಧಾನ ಬೇಕು. ಗಂಟೆಯ ಸೆಟ್ಟಿನಲ್ಲಿ ಗಡಿಯಾರ ನೋಡಿಕೊಂಡೇ ಅದು ಕೆಟ್ಟುಹೋಗುತ್ತದೆ.

ಶನಿವಾರಕ್ಕೆ ಇನ್ನೂ ದಿನಗಳಿವೆ, ಪೋಸ್ಟರ್ ಬದಲಿಸಬಹುದು. 9ರಿಂದ 10 ರಾತ್ರಿ ಶುರುಮಾಡುವ ಒಬ್ಬರೇ ಓಪನರ್: 118ರಿಂದ 120 ಬಿಪಿಎಮ್, ಪಕ್ಕದವರ ಮಾತು ಕೇಳುವಷ್ಟು ವಾಲ್ಯೂಮ್, ಮೀಟರ್ ಹಸಿರಿನಲ್ಲೇ ಇರಲಿ. 10ರಿಂದ 1 ಪೂರ್ತಿ ಅತಿಥಿಗೆ. ಬೂತ್ ಮಾನಿಟರನ್ನು (ಡಿಜೆಯ ಪಕ್ಕದಲ್ಲೇ ಇರುವ ಸ್ಪೀಕರ್) ಸಂಜೆಯೇ ಪರೀಕ್ಷಿಸಿ, ಯಾಕೆಂದರೆ ಹೊರಗಿನ ಸ್ಪೀಕರಿನ ಶಬ್ದ ತಡವಾಗಿ ತಲುಪುತ್ತದೆ, ಅದನ್ನು ನಂಬಿ ಬೀಟ್ ಹೊಂದಿಸಲು ಆಗುವುದಿಲ್ಲ. ಉಳಿದ ಮೂವರನ್ನು ಕೈಬಿಡಬೇಡಿ. ಅವರಿಗೂ ಒಂದೊಂದು ಶುಕ್ರವಾರ ಕೊಡಿ, ರಾತ್ರಿಯಿಡೀ.