ಓಟಿಪಿ ಯಾರ ಫೋನಿಗೆ ಬಂತು?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಕಾರಿಕೊಳ್ಳದಿದ್ದರೆ ಊಟ ಇಳಿಯಲ್ಲ.

ಅಮ್ಮನಿಗೆ ಶುಗರ್ ತೋರಿಸೋಕೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. (ಹೌದು, ಸಾಫ್ಟ್‌ವೇರಿನವನೇ, ಆದ್ರೂ ಸರ್ಕಾರಿ ಆಸ್ಪತ್ರೆಗೇ ಹೋಗ್ತೀನಿ. ಯಾಕೆ ಅಂತ ಗೊತ್ತಿರೋರಿಗೆ ಗೊತ್ತು.) ಗೋಡೆ ಮೇಲೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದೆ, ಎರಡು ನಿಮಿಷಕ್ಕೆ ಟೋಕನ್ ಬಂತು. ಪಕ್ಕದಲ್ಲಿದ್ದ ಅಜ್ಜಿಗೆ ಮುಕ್ಕಾಲು ಗಂಟೆ ಆದ್ರೂ ಬರಲಿಲ್ಲ.

ಅಜ್ಜಿ ಕೈಲಿ ರಬ್ಬರ್ ಬ್ಯಾಂಡ್ ಸುತ್ತಿದ ಬಟನ್ ಫೋನು. ಕೌಂಟರಲ್ಲಿ ಆಭಾ ಕೇಳಿದ್ರು, ಅಂದ್ರೆ ಕೇಂದ್ರ ಸರ್ಕಾರದ ಆರೋಗ್ಯ ಐಡಿ. ಅದನ್ನು ಮಾಡಿಸೋಕೆ ಆಧಾರಿಗೆ ಸೇರಿಸಿದ ಫೋನಿಗೆ ಬರೋ ಓಟಿಪಿ ಬೇಕಂತೆ. ಆಧಾರ್ ಕಾರ್ಡೇನೋ ಪ್ಲಾಸ್ಟಿಕ್ ಕವರಲ್ಲಿ ಭದ್ರವಾಗಿತ್ತು, ಆದರೆ ಅದಕ್ಕೆ ಸೇರಿಸಿರೋದು ಮಗನ ನಂಬರು. ಮಗ ಡೆಲಿವರಿ ಹುಡುಗ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದಾನೆ. ಅವನು ಬೈಕ್ ಪಕ್ಕಕ್ಕೆ ಹಾಕಿ ಆರಂಕಿ ಓದೋ ಹೊತ್ತಿಗೆ ಓಟಿಪಿ ಟೈಮ್ ಮುಗೀತು. ಮತ್ತೆ ಕಳಿಸಿದ್ರು. ಮತ್ತೆ ಅದೇ ಕತೆ. ಸರಿ, ಬೆರಳಚ್ಚು ಕೊಡಿ ಅಂದ್ರು. ಮನೆಮನೆ ಪಾತ್ರೆ ತಿಕ್ಕಿ ಸವೆದ ಬೆರಳು, ಮಿಷನ್ನು ಬೀಪ್ ಅಂತು, ತಗೊಳ್ಳಲಿಲ್ಲ.

"ನನ್ ಮಗ ದುಡಿಯೋದ್ ಬಿಟ್ಟು ನಂಬರ್ ಓದ್ಕೊಂಡು ಕೂತ್ಕೊಳಕ್ಕಾಯ್ತದೇನಪ್ಪ?" ಅಂತ ಅಜ್ಜಿ ನನ್ನನ್ನೇ ಕೇಳ್ತು. ಬೈದ ಹಾಗೇ ಇತ್ತು. ಬೈಲಿ ಬಿಡಿ, ಇಂಥವನ್ನು ಮಾಡೋರು ನಮ್ಮ ಪೈಕಿಯೋರೇ ತಾನೆ.

"ಆಭಾ ಇಲ್ದೆ ಸಿಸ್ಟಮ್ ತಗೊಳ್ಳಲ್ಲಮ್ಮ" ಅಂದ್ರು ಕೌಂಟರಿನವರು. ನನಗೆ ಉರಿದದ್ದು ಇಲ್ಲೇ. ಈ 14 ಅಂಕಿಯ ಐಡಿ ಕಡ್ಡಾಯ ಅಲ್ಲ ಸ್ವಾಮಿ. 2021ರಲ್ಲಿ ದೇಶಕ್ಕೆಲ್ಲ ತಂದಾಗಲೂ ಇಷ್ಟ ಇದ್ದರೆ ಮಾಡಿಸಿ ಅಂತಲೇ ಹೇಳಿದ್ದು. ಅದಿಲ್ಲ ಅಂತ ಚಿಕಿತ್ಸೆ ಕೊಡದೇ ಇರೋ ಹಾಗಿಲ್ಲ. ಇದನ್ನು ಕೌಂಟರಿನ ಕಂಪ್ಯೂಟರಿಗೆ ಯಾರೂ ಹೇಳಿಲ್ಲ ಅನ್ಸುತ್ತೆ.

ಆಫೀಸಿನ ಗೆಳೆಯನ ಹತ್ರ ಕೂಗಾಡಿದೆ. "ಕ್ಯೂ ಕಮ್ಮಿ ಆಗಿದ್ಯಲ್ಲ ಮಗಾ, ಗೊತ್ತಿಲ್ದಿರೋರಿಗೆ ಯಾರಾದ್ರೂ ಮಾಡ್ಕೊಡ್ತಾರೆ" ಅಂದ. ಕ್ಯೂ ಕಮ್ಮಿ ಆಗಿದೆ, ಒಪ್ಪಿದೆ. ನನಗೆ ಕಮ್ಮಿ ಆಗಿದೆ. ಆ "ಯಾರಾದ್ರೂ" ಯಾರು ಗೊತ್ತಾ? ಗೇಟಿನ ಸೆಕ್ಯುರಿಟಿಯಣ್ಣ. ಕೊನೆಗೆ ಆಭಾ ಬಿಟ್ಟು ಬರೀ ಮೊಬೈಲ್ ನಂಬರಲ್ಲಿ ಚೀಟಿ ಮಾಡಿಸಿದ, ತನ್ನದೇ ನಂಬರ್ ಕೊಟ್ಟು. (ಅಂದ್ರೆ ಮೊದಲಿಂದಲೂ ಆಗ್ತಿತ್ತು!) ಒಳ್ಳೆ ಮನುಷ್ಯ. ಆದರೆ ಇನ್ನು ಅಜ್ಜಿಯ ರಕ್ತಪರೀಕ್ಷೆ ಮೆಸೇಜು ಗೇಟಿಗೆ ಬರುತ್ತೆ.

ನಾನೇನು ಸಾಚಾ ಅಲ್ಲ. 2021ರ ಮೇ ತಿಂಗಳಲ್ಲಿ 18 ದಾಟಿದವರಿಗೆ ಕೋವಿಡ್ ಲಸಿಕೆ ಅಂದಾಗ, ಮೊದಲಿಗೆ ಆನ್‌ಲೈನಲ್ಲೇ ಬುಕ್ ಮಾಡಬೇಕಿತ್ತು. ಆ ಬುಕ್ಕಿಂಗ್ ಸೈಟು ಕೋವಿನ್ನಿಗೆ ಕನ್ನಡ ಬಂದಿದ್ದೇ ಜೂನಿನಲ್ಲಿ. ಅಷ್ಟರಲ್ಲಿ ನಾನು ಚಿಕ್ಕಬಳ್ಳಾಪುರದ ಕಡೆ ಒಂದು ಹಳ್ಳಿಯ ಸ್ಲಾಟ್ ಹಿಡಿದು, ಕಾರಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದಿದ್ದೆ. ಆ ಊರಿನವರು ಕಾಂಪೌಂಡಿನ ಆಚೆ ನಿಂತು ನೋಡ್ತಿದ್ರು. ಅವತ್ತು ಸ್ಟೇಟಸ್ಸೂ ಹಾಕಿದ್ದೆ, ನಿಮ್ಮಲ್ಲಿ ಕೆಲವರು ಲೈಕ್ ಒತ್ತಿದ್ದೀರಿ.

ಇನ್ನೊಂದು ಹೇಳಿಬಿಡ್ತೀನಿ. ಅಮ್ಮನ ಎಲ್ಲದಕ್ಕೂ ನನ್ನ ನಂಬರೇ. ಹೋದ ತಿಂಗಳು ಮೀಟಿಂಗಲ್ಲಿದ್ದಾಗ ಅಮ್ಮನ ಹೆಸರಲ್ಲಿ ಸ್ಕ್ಯಾನಿಂಗ್ ಮೆಸೇಜು ಬಂತು. ಸಂಜೆ ಕೇಳಿದೆ. ಹುರುಳಿಕಾಯಿ ಸೋಸ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ರಿಪೋರ್ಟ್ ಬಂದ್ಮೇಲೆ ಹೇಳೋಣ ಅಂತ ಒಬ್ಳೇ ಹೋಗಿದ್ದೆ ಕಣೋ. ಅದೂ ನಿನ್ ಫೋನಿಗೇ ಬಂತಾ?"

ರಿಪೋರ್ಟಲ್ಲಿ ಏನೂ ಇರಲಿಲ್ಲ. ಆದ್ರೂ ಅಮ್ಮನಿಗೆ ಅಂತಲೇ ಒಂದು ಸಿಮ್ ತಂದಿದ್ದೀನಿ, ಶನಿವಾರ ಆಧಾರಿಗೆ ಸೇರಿಸಬೇಕು. ಜಯನಗರದ ಕಡೆ ರಶ್ ಕಮ್ಮಿ ಇರೋ ಆಧಾರ್ ಕೇಂದ್ರ ಗೊತ್ತಿದ್ರೆ ಹೇಳಿ.